ಮನೆಯಲ್ಲೇ ಮಾಡಿಕೊಳ್ಳುವ ಮರಗೆಲಸದ ಸಲಕರಣೆ: ಯಾವುದು ಆಗ್ತದೆ, ಯಾವುದಕ್ಕೆ ಕೈ ಹಾಕಬಾರದು?

ಬಲ್ಮಠ_ಬಾಲ್ಕನಿ
ಊರಲ್ಲಿ ಹಳೇ ಹಂಚಿನ ಮನೆ ಬಿಚ್ಚಿದ್ರು. ಪಾಲು ಅಂತ ನನಗೆ ಬಂದದ್ದು ಒಂದಷ್ಟು ಹಲಸಿನ ಪಕ್ಕಾಸು (ಮಾಡಿಗೆ ಇಳಿಜಾರಾಗಿ ಹಾಕುವ ತೊಲೆ), ಒಂದು ಕಟ್ಟು ರೀಪು (ಅದರ ಮೇಲೆ ಅಡ್ಡ ಹೊಡೆಯುವ ಪಟ್ಟಿ), ಅಟ್ಟದ್ದೊಂದು ದಪ್ಪ ಹಲಗೆ. ಎಲ್ಲ ಈಗ ಫ್ಲ್ಯಾಟಿನ ಬಾಲ್ಕನಿಯಲ್ಲಿ ಗೋಡೆಗೆ ಒರಗಿ ನಿಂತಿದೆ. ಬಟ್ಟೆ ಒಣಗಿಸ್ಲಿಕ್ಕೆ ಜಾಗ ಇಲ್ಲ ಅಂತ ಮನೆಯವರ ದೂರು ಬೇರೆ.

ಹಲಗೆಯಲ್ಲಿ ಮಗಳಿಗೊಂದು ಚೆನ್ನೆಮಣೆ (ಗುಳಿ ಇರುವ ಆಟದ ಮಣೆ), ಪಕ್ಕಾಸಿನಲ್ಲಿ ಎರಡು ಸಣ್ಣ ಸ್ಟೂಲ್ ಮಾಡುವ ಅಂತ ಆಸೆ. ನನ್ನ ಹತ್ರ ಇರುವುದು ಒಂದು ಡ್ರಿಲ್ ಮಿಷನ್, ಅಜ್ಜನ ಎರಡು ಚಪ್ಪಟೆ ಉಳಿ, ಒಂದು ಹ್ಯಾಕ್ಸಾ, ಸುತ್ತಿಗೆ. ಕ್ಲ್ಯಾಂಪು, ವೈಸು, ಮೂಲೆಮಟ್ಟ (ಮೂಲೆ 90 ಡಿಗ್ರಿ ಇದೆಯಾ ನೋಡುವ ಮಟ್ಟ), ಕೀಸುಳಿ ಅಂತ ಆನ್‌ಲೈನಲ್ಲಿ ಪಟ್ಟಿ ಮಾಡಿದೆ. ಆ ದುಡ್ಡಿಗೆ ಅಂಗಡಿಯ ಸ್ಟೂಲು ಅರ್ಧ ಡಜನ್ ಬರ್ತದೆ. ಇದರಲ್ಲಿ ಯಾವುದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು? ಟೈಲ್ಸ್ ಕಡಿಯುವ ಮಾರ್ಬಲ್ ಕಟರನ್ನು ಪ್ಲೈವುಡ್ಡಿನ ಅಡಿಗೆ ತಲೆಕೆಳಗಾಗಿ ಕಟ್ಟಿ ಟೇಬಲ್ ಸಾ (ಮೇಜಿನ ಗರಗಸ) ಮಾಡುವ ವಿಡಿಯೋ ತುಂಬ ನೋಡಿದೆ. ಅದು ನಂಬಬಹುದಾ?

ಕಟಪಾಡಿ_ಉಳಿ
ನಮ್ಮದು ಮನೆತನದ ಆಚಾರಿ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಎಲ್ಲಕ್ಕಿಂತ ಮೊದಲು ಮೊಳೆ. ಹಳೇ ಪಕ್ಕಾಸಿನಲ್ಲಿ ರೀಪು ಹೊಡೆದ ಮೊಳೆ ಇದ್ದೇ ಇರ್ತದೆ, ತಲೆ ತುಂಡಾಗಿ ಒಳಗೇ ಉಳಿದದ್ದು ಕಣ್ಣಿಗೆ ಕಾಣುವುದಿಲ್ಲ. ಹಾಳಾದ ಸ್ಪೀಕರಿಂದ ಅಯಸ್ಕಾಂತ ಬಿಚ್ಚಿ, ನೂಲಿನಲ್ಲಿ ಕಟ್ಟಿ, ಮರದ ಮೈಗೆ ತಾಗಿದ ಹಾಗೆ ನಿಧಾನ ಎಳೀರಿ. ಮೊಳೆ ಇದ್ದಲ್ಲಿ ನೂಲು ಸೊಟ್ಟ ಆಗ್ತದೆ. ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಇದು ನೀವು ಮನೆಯಲ್ಲೇ ಮಾಡಿದ ಮೊದಲ ಸಲಕರಣೆ, ಖರ್ಚು ಸೊನ್ನೆ.

ಕ್ಲ್ಯಾಂಪಿಗೆ ದುಡ್ಡು ಹಾಕಲೇಬೇಡಿ. ಬಾಗಿಲಿನ ಹಲಗೆ ಜೋಡಿಸುವಾಗ ನಾವು ಮಾಡುವುದು ಬೆಣೆ ಕೆಲಸ. ನಿಮ್ಮ ರೀಪೇ ತಗೊಳ್ಳಿ, ಎರಡೂ ತುದಿಗೆ ಗಟ್ಟಿ ಮರದ ತುಂಡು ಸ್ಕ್ರೂ ಹಾಕಿ ಕೂರಿಸಿ. ಮಧ್ಯೆ ಅಂಟಿಸುವ ಹಲಗೆಗಳನ್ನು ಇಡಿ, ಒಂದು ಬದಿ ತುಂಡಿಗೆ ತಾಗಲಿ, ಇನ್ನೊಂದು ಬದಿ ಒಂದು ಇಂಚಿನಷ್ಟು ಜಾಗ ಬಿಡಿ. ಆ ಜಾಗಕ್ಕೆ ಎದುರುಬದುರಾಗಿ ಎರಡು ಬೆಣೆ ಇಟ್ಟು ಎರಡೂ ಬದಿಯಿಂದ ಸಮ ಸಮ ಬಡೀರಿ. ಬೆಣೆಯ ಓರೆ 6 ಇಂಚು ಉದ್ದಕ್ಕೆ 1 ಇಂಚು, ಇಲ್ಲವೇ 8ಕ್ಕೆ 1. ಅದಕ್ಕಿಂತ ಕಡಿದಾಗಿ ಮಾಡಿದ್ರೆ ಬಡಿದ ಬೆಣೆ ತಾನಾಗಿ ಜಾರಿ ವಾಪಸ್ ಬರ್ತದೆ. ಎಲ್ಲ ರೀಪು ಕೆಳಗೇ ಹಾಕಿದ್ರೆ ಹಲಗೆ ಬಿಲ್ಲಿನ ಹಾಗೆ ಮೇಲೆ ಏಳ್ತದೆ, ಒಂದು ಕೆಳಗೆ, ಒಂದು ಮೇಲೆ ಹಾಕ್ತಾ ಹೋಗಿ. ರೀಪಿಗೂ ಹಲಗೆಗೂ ನಡುವೆ ಪ್ಲಾಸ್ಟಿಕ್ ಹಾಳೆ ಇಡಿ, ಇಲ್ಲದಿದ್ರೆ ಫೆವಿಕಾಲು ಎರಡನ್ನೂ ಸೇರಿಸಿ ಒಂದೇ ಮಾಡ್ತದೆ.

ಹಿಡಿಯುವುದು, ಅಳೆಯುವುದು, ಗೆರೆ ಎಳೆಯುವುದು, ಇಷ್ಟಕ್ಕೆ ಬೇಕಾದ್ದೆಲ್ಲ ಮರದಲ್ಲೇ ಆಗ್ತದೆ. ಉಳಿಯ ಉಕ್ಕು ಮಾತ್ರ ಒಳ್ಳೇದು ತಗೊಳ್ಳಿ. ಅಜ್ಜನ ಉಳಿ ಇದೆಯಲ್ಲ, ಅದು ಈಗ ಅಂಗಡಿಯಲ್ಲಿ ಸಿಗುವ ಸುಮಾರಿನದ್ದಕ್ಕಿಂತ ಖಂಡಿತ ವಾಸಿ ಇದ್ದೀತು. ಮಾರ್ಬಲ್ ಕಟರಿನ ಬಗ್ಗೆ ಆಮೇಲೆ ಬರೀತೇನೆ, ಅದಕ್ಕೆ ಸಮಾಧಾನದಲ್ಲಿ ಕೂತು ಬರೀಬೇಕು.

ಕುಂದಾಪ್ರದ_ಮಾಣಿ
ಹ್ವಾಯ್, ಸೈಕಲ್ ಟ್ಯೂಬ್ ಮರ್ತೇ ಬಿಟ್ರ್ಯಲೆ ಮರ್ರೆ! ಪಂಚರ್ ಅಂಗ್ಡಿಯಗೆ ಕೇಣಿ, ಹಳೇದ್ ಸುಮ್ನೆ ಕೊಡ್ತ್ರ್. ಉದ್ದಕ್ಕೆ ಕತ್ರಿಸಿ ಪಟ್ಟಿ ಮಾಡಿ. ಸ್ಟೂಲಿನ ಕಾಲಿಗೆ ಅಡ್ಡಪಟ್ಟಿ ಅಂಟ್ಸುವಾಗ ಬಿಗಿ ಎಳ್ದ್ ಸುತ್ರೆ ಸಾಕ್. ಓರೆಕೋರೆ ಇದ್ದಲ್ಲಿ ಕಬ್ಬಿಣದ ಕ್ಲ್ಯಾಂಪ್ ಕೂಕಂಬುದಿಲ್ಲ, ಟ್ಯೂಬ್ ಕೂಕಂತ್ತ್.

ಮಲ್ಪೆ_ಬೋಲ್ಟ್
ಟ್ಯೂಬು ಸರಿ. ನಾಲ್ಕು ಕಾಲು ಒಟ್ಟಿಗೆ ಬಿಗಿಯಬೇಕಾದ್ರೆ ಹಗ್ಗ ಇನ್ನೂ ಒಳ್ಳೇದು. ಸುತ್ತ ಎರಡು ಸುತ್ತು ಹಗ್ಗ ಹಾಕಿ ಗಂಟು ಹಾಕಿ, ನಡುವೆ ಒಂದು ಕೋಲು ತೂರಿಸಿ ತಿರುಚಿ. ಎಷ್ಟು ಬಿಗಿ ಬೇಕೋ ಅಷ್ಟಾದ ಮೇಲೆ ಕೋಲನ್ನು ಕಾಲಿಗೆ ಒರಗಿಸಿ ನಿಲ್ಲಿಸಿ. ಮೂಲೆಗಳಿಗೆ ರಟ್ಟು ಇಡಿ, ಇಲ್ಲದಿದ್ರೆ ಹಗ್ಗದ ಅಚ್ಚು ಮರದಲ್ಲಿ ಉಳೀತದೆ.

ಬೋಟಿನವರ ಹತ್ರ ಕೇಳಿದ್ರೆ ಹಳೇ ಹಗ್ಗ ಬೇಕಾದಷ್ಟು ಸಿಗ್ತದೆ, ಆದ್ರೆ ನೈಲಾನಾ ಅಲ್ವಾ ನೋಡಿ. ನೈಲಾನ್ ಒದ್ದೆಯಾದ್ರೆ ಸಡಿಲ ಆಗ್ತದೆ. ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಇಟ್ಟು ಬೆಳಿಗ್ಗೆ ನೋಡಿದ್ರೆ ಕೋಲು ಕೆಳಗೆ ಬಿದ್ದಿರ್ತದೆ. ಪಾಲಿಯೆಸ್ಟರ್ ಹಗ್ಗ ಆದ್ರೆ ಆ ತಕರಾರಿಲ್ಲ. ಇನ್ನೊಂದು, ಜೂನ್ ಜುಲೈಯಲ್ಲಿ ಫೆವಿಕಾಲು ಒಣಗುವುದು ಆಮೆ ವೇಗದಲ್ಲಿ. ಅದು ನೀರು ಆರಿ ಗಟ್ಟಿಯಾಗುವ ಅಂಟು, ಗಾಳಿಯಲ್ಲೇ ನೀರು ತುಂಬಿದ್ರೆ ಆರುವುದು ಎಲ್ಲಿಗೆ? ಇಡೀ ರಾತ್ರಿ ಬಿಡಿ, ಎರಡು ಗಂಟೆಗೆ ಬಿಚ್ಚಲಿಕ್ಕೆ ಹೋಗ್ಬೇಡಿ.

ಮಣಿಪಾಲದಕ್ಕ
ಮೂಲೆಮಟ್ಟದ ಬಗ್ಗೆ ನಾನು ಹೇಳ್ತೇನೆ. ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವಳು, ಈಗ ನಿವೃತ್ತಿ ಆದ ಮೇಲೆ ಮರದ ಹುಚ್ಚು.

ಪ್ಲೈವುಡ್ ತುಂಡಿನಲ್ಲಿ ಮೂಲೆಮಟ್ಟ ಮಾಡಿ. ಒಂದು ಬದಿಯಲ್ಲಿ 30 ಸೆಂ.ಮೀ., ಇನ್ನೊಂದು ಬದಿಯಲ್ಲಿ 40 ಸೆಂ.ಮೀ. ಗುರುತು ಹಾಕಿದ್ರೆ ಆ ಎರಡು ಗುರುತುಗಳ ನಡುವೆ ಸರಿಯಾಗಿ 50 ಬರಬೇಕು. ಗಾರೆಯವರು ಅಡಿಪಾಯಕ್ಕೆ ಹಗ್ಗ ಹಿಡಿಯುವುದೂ ಇದೇ ಲೆಕ್ಕದಲ್ಲಿ. ಆದ್ರೆ ಸಣ್ಣ ಮಟ್ಟಕ್ಕೆ ಟೇಪಿನ ಅಳತೆ ಸಾಲುವುದಿಲ್ಲ, ತಿರುಗಿಸಿ ನೋಡುವ ಪರೀಕ್ಷೆ ಮಾಡಬೇಕು. ನೇರ ಅಂಚಿನ ಹಲಗೆಗೆ ಮಟ್ಟವನ್ನು ಒತ್ತಿ ಹಿಡಿದು ಚೂಪು ಪೆನ್ಸಿಲಲ್ಲಿ ಒಂದು ಗೆರೆ ಎಳೀರಿ. ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತ್ರೆ ಮಟ್ಟ ಸರಿ. ಕೂರದಿದ್ರೆ ನಡುವೆ ಕಾಣುವ ಅಂತರ ನಿಜವಾದ ತಪ್ಪಿನ ಎರಡು ಪಟ್ಟು, ಅರ್ಧದಷ್ಟು ಮಾತ್ರ ಉಜ್ಜಿ ಸರಿ ಮಾಡಿ. ಅಂಗಡಿಯಿಂದ ತಂದ ಹೊಸ ಮೂಲೆಮಟ್ಟಕ್ಕೂ ಈ ಪರೀಕ್ಷೆ ಮಾಡಿ, ಆಮೇಲೆ ನನಗೆ ಥ್ಯಾಂಕ್ಸ್ ಹೇಳ್ತೀರಿ.

ಗೆರೆ ಎಳೆಯುವ ಗೇಜು ಕೂಡ ಹೀಗೇ. ಒಂದು ಚೌಕ ಕೋಲು, ಅದು ಬಿಗಿಯಾಗಿ ತೂರುವ ತೂತಿನ ಒಂದು ತುಂಡು, ಕೋಲಿನ ತುದಿಯಲ್ಲಿ ಹೊರಗೆ ಸ್ವಲ್ಪ ಇಣುಕುವ ಚೂಪು ಮೊಳೆ. ಕೋಲು ಜಾರದ ಹಾಗೆ ಬದಿಯಲ್ಲೊಂದು ಸಣ್ಣ ಬೆಣೆ. ಮೊಳೆಯ ತುದಿಯನ್ನು ಅರದಲ್ಲಿ ಉಜ್ಜಿ ಚೂರಿಯ ಬಾಯಿಯ ಹಾಗೆ ಚಪ್ಪಟೆ ಮಾಡಿದ್ರೆ ಮರದ ನಾರು ಹರಿಯದೆ ಸೀಳಿ ಗೆರೆ ಬರ್ತದೆ.

ಬಲ್ಮಠ_ಬಾಲ್ಕನಿ
ಅಯಸ್ಕಾಂತ ಕಟ್ಟಿ ನೋಡಿದೆ. ಒಂದು ಪಕ್ಕಾಸಿನ ಮೇಲೆ ಈಗ ಇಡೀ ಸೀಮೆಸುಣ್ಣದ ಚುಕ್ಕಿ, ರಂಗೋಲಿ ಹಾಕುವುದೊಂದೇ ಬಾಕಿ. ಉಳಿಗೆ ಬಾಯಿ ಹಿಡಿಸುವುದು ಹೇಗೆ? ಸಾಣೆಕಲ್ಲು ಇಲ್ಲ.

ಮಣಿಪಾಲದಕ್ಕ
ಗಾಜಿನ ಅಂಗಡಿಯಲ್ಲಿ 8 ಅಥವಾ 10 ಮಿ.ಮೀ. ದಪ್ಪದ ತುಂಡು ಗಾಜು ಕೇಳಿ, ಅಂಚು ಉಜ್ಜಿಸಿ ತನ್ನಿ. ಅದನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು, ಮೇಲೆ ನೀರು ಹಾಕಿ ಉಜ್ಜುವ ಪಾಲಿಶ್ ಪೇಪರ್ ಅಂಟಿಸಿ. ಮೊದಲು 400 ನಂಬರಿನ ಪೇಪರ್, ಆಮೇಲೆ 800, ಆಮೇಲೆ 1500. ಮೊದಲು ಉಳಿಯ ಬೆನ್ನನ್ನು ಗಾಜಿನ ಮೇಲೆ ಚಪ್ಪಟೆ ಮಾಡಬೇಕು. ಎಲ್ಲರೂ ಅದನ್ನು ಬಿಟ್ಟು ಮುಂದಿನ ಓರೆಯನ್ನೇ ಉಜ್ಜುವುದು, ಹಾಗಾಗಿಯೇ ಎಷ್ಟು ಉಜ್ಜಿದ್ರೂ ಹರಿತ ಬರುವುದಿಲ್ಲ.

ಓರೆಗೆ 25 ಡಿಗ್ರಿ. ಕೋನಮಾಪಕ ಬೇಡ, 100 ಮಿ.ಮೀ. ಉದ್ದ, 47 ಮಿ.ಮೀ. ಎತ್ತರದ ಬೆಣೆ ಕೊಯ್ದರೆ ಅದರ ಇಳಿಜಾರು 25 ಡಿಗ್ರಿ ಆಯ್ತು. ಬೆಣೆಯನ್ನು ಗಾಜಿನ ಮೇಲೆ ಉಳಿಯ ಪಕ್ಕ ಇಟ್ಟು ಕೈಯ ಕೋನ ಅದಕ್ಕೆ ಸರಿ ಹೊಂದಿಸಿಕೊಳ್ಳಿ.

ಕಟಪಾಡಿ_ಉಳಿ
ಅಕ್ಕ ಹೇಳಿದ್ದು ಸರಿ. ಒಂದು ಸೇರಿಸ್ತೇನೆ: ಬಾಯಿ ಮುಕ್ಕಾಗಿದ್ರೆ ಗ್ರೈಂಡರಿಗೆ ಹಿಡಿಯುವಾಗ ಕ್ಷಣಕ್ಕೊಮ್ಮೆ ನೀರಿಗೆ ಅದ್ದಿ. ತುದಿ ನೀಲಿ ಬಂತು ಅಂದ್ರೆ ಹದ ಹೋಯ್ತು, ಆ ನೀಲಿ ಭಾಗ ಪೂರ್ತಿ ಸವೆಸಿ ತೆಗೀಬೇಕು. ಹಳೇ ಉಳಿಯ ಕಾರ್ಬನ್ ಉಕ್ಕಿಗೆ ಬಿಸಿ ತಡೆಯುವ ಶಕ್ತಿ ಕಡಿಮೆ.

ಈಗ ಮಾರ್ಬಲ್ ಕಟರ್. ಮಾಡ್ಬೇಡಿ.

ದೇರೆಬೈಲ್_ಪ್ಲೈ
ಆಚಾರ್ರೆ, ಹಾಗೆ ಒಂದೇ ಮಾತಲ್ಲಿ ತಳ್ಳಿ ಹಾಕಿದ್ರೆ ಹೇಗೆ? ನಾನು ಅದನ್ನೇ ಬಳಸ್ತಾ ಇದ್ದೇನೆ. 12 ಮಿ.ಮೀ. ಪ್ಲೈ ಸೀಳಲಿಕ್ಕೆ ಚಂದ ಆಗ್ತದೆ. ಬ್ಲೇಡಿನ ಹಿಂದೆ ಮರ ಕೂಡಿಕೊಳ್ಳದ ಹಾಗೆ ತಗಡಿನ ಪಟ್ಟಿ ನಿಲ್ಲಿಸಿದ್ದೇನೆ, ಮೇಲೆ ಕವರ್ ಇದೆ, ಮರವನ್ನು ಕೋಲಿನಲ್ಲೇ ತಳ್ಳುವುದು. ಟೇಬಲ್ ಸಾ ತಗೊಳ್ಳುವಷ್ಟು ದುಡ್ಡೂ ಇಲ್ಲ, ಜಾಗವೂ ಇಲ್ಲದವರು ಎಂತ ಮಾಡಬೇಕು? ಎಲ್ಲದಕ್ಕೂ ಹೆದರಿದ್ರೆ ಕೆಲಸ ಮಾಡುವುದು ಯಾವಾಗ?

ಕಟಪಾಡಿ_ಉಳಿ
ನಿಮ್ಮ ವ್ಯವಸ್ಥೆಯಲ್ಲಿ ಪಟ್ಟಿ ಇದೆ, ಕವರ್ ಇದೆ. ವಿಡಿಯೋದವರದ್ದರಲ್ಲಿ ಎರಡೂ ಇಲ್ಲ, ನೋಡಿ ಕಲಿಯುವವರದ್ದರಲ್ಲೂ ಇರುವುದಿಲ್ಲ. ನನ್ನ ಮಾತು ಅವರಿಗೆ.

ಲೆಕ್ಕ ಹಾಕಿ ನೋಡಿ. 110 ಮಿ.ಮೀ. ಬ್ಲೇಡು, ನಿಮಿಷಕ್ಕೆ 12,000 ಸುತ್ತು. ಹಲ್ಲಿನ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್ ಆಗ್ತದೆ. ಪ್ಲೈಯಲ್ಲಿ ಪದರ ಅಡ್ಡಡ್ಡ ಇರ್ತದೆ, ಸೀಳಿದ್ರೆ ಬಾಯಿ ಮುಚ್ಚುವುದಿಲ್ಲ. ಹಳೇ ಹಲಸಿನ ಪಕ್ಕಾಸು ಹಾಗಲ್ಲ. ಎಷ್ಟೋ ವರ್ಷ ಭಾರ ಹೊತ್ತು ಒಳಗೆ ಬಿಗಿ ಕೂತಿರ್ತದೆ. ಉದ್ದಕ್ಕೆ ಸೀಳ್ತಾ ಹೋದ ಹಾಗೆ ಸೀಳಿನ ಎರಡೂ ಬದಿ ಹತ್ತಿರ ಬಂದು ಬ್ಲೇಡನ್ನು ಹಿಂಡಿ ಹಿಡೀತದೆ. ಬ್ಲೇಡಿನ ಹಿಂಬದಿಯ ಹಲ್ಲು ಮೇಲಕ್ಕೆ ಬರುವುದಲ್ಲ, ಮರವನ್ನು ಎತ್ತಿ ನಿಂತವನ ಹೊಟ್ಟೆಗೇ ಎಸೀತದೆ. ತಳ್ಳುತ್ತಾ ಇದ್ದ ಕೈ ಮುಂದಕ್ಕೆ ಹೋಗ್ತದೆ. ಮುಂದೆ ಎಂತ ಇದೆ ಅಂತ ಹೇಳಬೇಕಾಗಿಲ್ಲ.

ಅದೂ ಬಿಡಿ. ಆ ಬ್ಲೇಡು ಇಳಿಯುವುದೇ 30 ಮಿ.ಮೀ. ಚಿಲ್ಲರೆ. ಅದರಲ್ಲಿ ಮೇಲಿನ ಪ್ಲೈ 12 ಮಿ.ಮೀ. ತಿಂದ್ರೆ ಉಳಿಯುವುದು 20ರ ಆಸುಪಾಸು. ಬಲ್ಮಠದವರೇ, ನಿಮ್ಮ ಪಕ್ಕಾಸು ಎಷ್ಟು ದಪ್ಪ ಇದೆ?

ಬಲ್ಮಠ_ಬಾಲ್ಕನಿ
ಎರಡೂವರೆ ಇಂಚು.

ಕಟಪಾಡಿ_ಉಳಿ
ಹಾಗಾದ್ರೆ ಆ ಮಿಷನ್ ನಿಮ್ಮ ಕೆಲಸಕ್ಕೆ ಬರುವುದೇ ಇಲ್ಲ. ಮೇಲಿಂದ ಒಮ್ಮೆ, ಮಗುಚಿ ಒಮ್ಮೆ ಕೊಯ್ದರೂ ನಡುವೆ ಉಳೀತದೆ. ಮೊಳೆ ಎಲ್ಲ ಕಿತ್ತು, ಗುರುತು ಹಾಕಿ, ಹತ್ತಿರದ ಮರದ ಮಿಲ್ಲಿಗೆ ತಗೊಂಡು ಹೋಗಿ. ಮೊಳೆ ಇದ್ದ ಮರವನ್ನು ಅವರು ಮುಟ್ಟುವುದಿಲ್ಲ, ಮುಟ್ಟಬಾರದು ಕೂಡ. ಸೀಳುವುದು, ದಪ್ಪ ಸಮ ಮಾಡುವುದು ಅಲ್ಲಿ ಆಗಲಿ. ಉಳಿದದ್ದು ಬಾಲ್ಕನಿಯಲ್ಲಿ ಕೈಯಲ್ಲೇ ಮಾಡಿ, ಕೆಳಗಿನ ಮನೆಯವರಿಗೂ ನೆಮ್ಮದಿ.

ಸುರತ್ಕಲ್_ವೈರಿಂಗ್
ಕರೆಂಟಿನ ಕಡೆಯಿಂದ ಎರಡು ಮಾತು, ದೇರೆಬೈಲಿನವರಿಗೆ. ತಲೆಕೆಳಗೆ ಕಟ್ಟಿದವರು ಟ್ರಿಗರನ್ನು ಒತ್ತಿ ಟೇಪ್ ಸುತ್ತಿಯೋ ಲಾಕ್ ಮಾಡಿಯೋ ಬಿಡ್ತಾರೆ, ಆನ್ ಆಫ್ ಎಲ್ಲ ಗೋಡೆಯ ಸ್ವಿಚ್ಚಿನಲ್ಲಿ. ನಮ್ಮ ಕಡೆ ಗುಡುಗು ಬಂದ್ರೆ ಕರೆಂಟು ಹೋಗ್ತದೆ. ನೀವು ಬ್ಲೇಡಿನ ಪಕ್ಕ ಸಿಕ್ಕಿದ ತುಂಡು ತೆಗೀಲಿಕ್ಕೆ ಕೈ ಹಾಕಿರ್ತೀರಿ, ಆಗ ಕರೆಂಟು ವಾಪಸ್ ಬರ್ತದೆ. ಕರೆಂಟು ಹೋದಾಗ ತಾನೇ ಬಿಟ್ಟುಕೊಂಡು, ಬಂದಾಗ ಮತ್ತೆ ಒತ್ತುವವರೆಗೆ ಚಾಲೂ ಆಗದ ಸ್ವಿಚ್ ಸಿಗ್ತದೆ, ನೋ ವೋಲ್ಟ್ ಸ್ವಿಚ್ ಅಂತ ಕೇಳಿ. ಅದು ಹಾಕದೆ ಆ ಟೇಬಲ್ ಓಡಿಸಲೇಬಾರದು. ಬಾಲ್ಕನಿಯ ಪ್ಲಗ್ಗಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಅಂತಲೂ ನೋಡಿ. ಒದ್ದೆ ನೆಲ, ಬರಿಗಾಲು, ಹಳೇ ಡ್ರಿಲ್ಲು, ಈ ಮೂರು ಸೇರಿದ್ರೆ ಜೀವ ಉಳಿಸುವುದು ಅದೇ.

ಮತ್ತೆ ಹಾಳಾದ ಮಿಕ್ಸಿಯ ಮೋಟರಲ್ಲಿ ಸಾಣೆ ಚಕ್ರ ತಿರುಗಿಸುವವರೂ ಇದ್ದಾರೆ. ಮಿಕ್ಸಿ ಮೋಟರ್ ಭಾರ ಇಲ್ಲದೆ ಓಡಿದ್ರೆ ಚಕ್ರದ ಮೇಲೆ ಬರೆದ ಮಿತಿಯನ್ನೂ ದಾಟ್ತದೆ, ಕಲ್ಲು ಒಡೆದು ಚೂರು ಹಾರ್ತದೆ. ಮಾಡ್ಲೇಬೇಕಾದ್ರೆ ನಿಮಿಷಕ್ಕೆ 1,440 ಸುತ್ತಿನ ಇಂಡಕ್ಷನ್ ಮೋಟರ್ ಹುಡುಕಿ.

ದೇರೆಬೈಲ್_ಪ್ಲೈ
ಸ್ವಿಚ್ಚಿನ ಮಾತು ಒಪ್ಪಿದೆ, ಅದು ಹಾಕಿಸ್ತೇನೆ. ಪ್ಲೈಗೆ ಮಾತ್ರ ನನ್ನ ಕಟರ್ ಬಿಡುವುದಿಲ್ಲ. ಆಂಗಲ್ ಗ್ರೈಂಡರಿಗೆ ಹಲ್ಲಿನ ಬ್ಲೇಡು ಹಾಕುವವರನ್ನು ಕಂಡ್ರೆ ಮಾತ್ರ ನಾನೂ ದೂರ ಓಡ್ತೇನೆ.

ಕುಂದಾಪ್ರದ_ಮಾಣಿ
ಜಗಳ ಮುಗೀತಲ್ದಾ? ಚೆನ್ನೆಮಣೆ ಎಲ್ಲಿಗ್ ಬಂತ್?

ಬಲ್ಮಠ_ಬಾಲ್ಕನಿ
ಅದನ್ನೇ ಕೇಳುವವನಿದ್ದೆ. ಹಲಗೆ 35 ಮಿ.ಮೀ. ದಪ್ಪ, ಎರಡು ಅಡಿಗೆ ಸ್ವಲ್ಪ ಕಮ್ಮಿ ಉದ್ದ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14. ಚಪ್ಪಟೆ ಉಳಿಯಲ್ಲಿ ಗುಂಡಗಿನ ಗುಳಿ ತೋಡುವುದು ಹೇಗೆ ಅಂತಲೇ ಗೊತ್ತಾಗ್ತಾ ಇಲ್ಲ. ಎಲ್ಲ ಒಂದೇ ಹಾಗೆ ಕಾಣಬೇಕಲ್ಲ.

ಮಣಿಪಾಲದಕ್ಕ
ಇದಕ್ಕೆ ಒಂದು ಚಂದದ ಲೆಕ್ಕ ಉಂಟು. ಟೆನಿಸ್ ಚೆಂಡಿನ ಅಡ್ಡಳತೆ ಸುಮಾರು 67 ಮಿ.ಮೀ. ನೀವು ಗುಳಿಯನ್ನು 60 ಮಿ.ಮೀ. ಅಗಲ, ಮಧ್ಯದಲ್ಲಿ 19 ಮಿ.ಮೀ. ಆಳ ಮಾಡಿದ್ರೆ ಅದರ ಬಾಗು ಸರಿಯಾಗಿ ಚೆಂಡಿನದ್ದೇ ಆಗ್ತದೆ. ಅಂದ್ರೆ ಹಳೇ ಟೆನಿಸ್ ಚೆಂಡಿಗೆ ಪಾಲಿಶ್ ಪೇಪರ್ ಅಂಟಿಸಿದ್ರೆ ಅದೇ ನಿಮ್ಮ ಉಜ್ಜುವ ಸಲಕರಣೆ. ಕಾಗದ ಗುಂಡು ಮೈಗೆ ಮಡಚಿಕೊಳ್ತದೆ, ಹೂವಿನ ದಳದ ಹಾಗೆ ಕತ್ತರಿಸಿ ಅಂಟಿಸಬೇಕು. ಮುಗಿದ ಹಾಲಿನ ಕಾರ್ಡೋ ಎಟಿಎಂ ಕಾರ್ಡೋ ತಗೊಂಡು ಚೆಂಡಿನ ಬಾಗಿಗೆ ಕತ್ತರಿಸಿ ಇಟ್ಟುಕೊಳ್ಳಿ. ಪ್ರತಿ ಗುಳಿಯಲ್ಲಿ ಅದನ್ನು ನಿಲ್ಲಿಸಿ ನೋಡಿದ್ರೆ ಎಲ್ಲಿ ಉಬ್ಬು ಇದೆ ಅಂತ ಬೆಳಕಿನಲ್ಲಿ ಕಾಣ್ತದೆ.

ಗುಳಿಯ ನಡುವಿನಿಂದ ನಡುವಿಗೆ 75 ಮಿ.ಮೀ. ಇಡಿ. ಏಳು ಗುಳಿಗೆ ಆರು ಅಂತರ, 450. ಎರಡೂ ತುದಿಗೆ 60 ಬಿಟ್ರೆ 570 ಮಿ.ಮೀ., ನಿಮ್ಮ ಹಲಗೆಗೆ ಸರಿ ಬಂತು. ಗುಳಿಗಳ ನಡುವೆ 15 ಮಿ.ಮೀ. ಗೋಡೆ ಉಳೀತದೆ, ಅದಕ್ಕಿಂತ ಕಮ್ಮಿ ಮಾಡಬೇಡಿ, ಹಲಸು ಚಕ್ಕೆ ಏಳ್ತದೆ.

ಕಟಪಾಡಿ_ಉಳಿ
ಅಕ್ಕ, ನಿಮ್ಮ ಚೆಂಡು ನಾನೂ ಕದೀತೇನೆ.

ತೋಡುವ ಕ್ರಮ ಹೀಗೆ. ಡ್ರಿಲ್ ಬಿಟ್ಟಿಗೆ ಮರದ ಗುಟ್ಟೊಂದನ್ನು (ಸಣ್ಣ ತುಂಡು) ತೂರಿಸಿ, ತುದಿ 16 ಮಿ.ಮೀ. ಮಾತ್ರ ಹೊರಗೆ ಇರುವಷ್ಟು ಉದ್ದಕ್ಕೆ ಕೊಯ್ದುಕೊಳ್ಳಿ. ಟೇಪ್ ಸುತ್ತಿದ್ರೆ ನಾಲ್ಕನೇ ತೂತಿಗೇ ಜಾರ್ತದೆ, ಗುಟ್ಟು ಜಾರುವುದಿಲ್ಲ. ಗುಳಿಯ ನಡುವೆ ಈ ಆಳಕ್ಕೆ ತೂತು, ಹೊರಗೆ ಬಂದ ಹಾಗೆ ಉದ್ದದ ಗುಟ್ಟು ಹಾಕಿ 10, ಅಂಚಿನ ಹತ್ರ 4. ಅರ್ಧ ಕೆಲಸ ಡ್ರಿಲ್ಲೇ ಮಾಡ್ತದೆ.

ಉಳಿದದ್ದಕ್ಕೆ ಬಾಯಿ ದುಂಡಗಿನ ಉಳಿ ಒಂದು ಬೇಕೇ ಬೇಕು. ಜಿಐ ಪೈಪನ್ನು ಸೀಳಿ ಉಳಿ ಮಾಡುವ ವಿಡಿಯೋ ನೋಡಿ ಹೊರಡಬೇಡಿ, ಅದು ಮೆದು ಕಬ್ಬಿಣ, ಹಲಸಿಗೆ ಎರಡು ಏಟು ಹೊಡೆದ್ರೆ ಬಾಯಿ ಮಡಚ್ತದೆ. ಮೆಟ್ಟುಕತ್ತಿ ಮಾಡುವ ಕಮ್ಮಾರರ ಹತ್ರ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಸಿಕೊಳ್ಳಿ, ಹದ ಹಾಕಿ ಕೊಡ್ತಾರೆ. ಹಿಡಿಗೂ ಕೊಡತಿಗೂ ಹುಣಸೆ ಮರ. ಅಂಚಿನಿಂದ ನಡುವಿಗೆ ಮಾತ್ರ ಹೊಡೀಬೇಕು, ನಡುವಿನಿಂದ ಮೇಲಕ್ಕೆ ಹೊಡೆದ್ರೆ ನಾರು ಕಿತ್ತು ಬರ್ತದೆ. ಹಲಸಿನ ನಾರು ಒಂದು ಪದರ ಈ ಕಡೆ, ಒಂದು ಪದರ ಆ ಕಡೆ ಓಡ್ತದೆ, ಹಾಗಾಗಿ ಎಷ್ಟು ಹರಿತ ಇದ್ರೂ ಅಲ್ಲಲ್ಲಿ ಒರಟು ಉಳಿದೇ ಉಳೀತದೆ. ಅದಕ್ಕೆ ಕೆರೆಯುವ ತಗಡು ಬೇಕು. ಹಳೇ ಕೈಗರಗಸದ ಪಟ್ಟಿಯಿಂದ ಒಂದು ತುಂಡು ಕೊಯ್ದು, ಒಂದು ಅಂಚನ್ನು ಅದೇ ಚೆಂಡಿನ ಬಾಗಿಗೆ ಅರದಲ್ಲಿ ಉಜ್ಜಿ. ಆಮೇಲೆ ಗಟ್ಟಿ ಉಕ್ಕಿನ ಯಾವುದಾದ್ರೂ ನುಣುಪು ಸರಳಿಂದ ಅಂಚನ್ನು ಒತ್ತಿ ಉಜ್ಜಿದ್ರೆ ಬೆರಳಿಗೆ ತಾಗುವ ಸಣ್ಣ ಕೊಕ್ಕೆ ಏಳ್ತದೆ. ಅದು ಕೆರೆದಾಗ ಹುಡಿ ಬಂದ್ರೆ ಕೊಕ್ಕೆ ಸವೆದಿದೆ ಅಂತ, ತೆಳು ಸುರುಳಿ ಬರಬೇಕು.

ಬಲ್ಮಠ_ಬಾಲ್ಕನಿ
ಆಚಾರ್ರೆ, ಅಕ್ಕ, ಇಬ್ಬರಿಗೂ ದೊಡ್ಡ ನಮಸ್ಕಾರ. ಉಳಿ ಎಲ್ಲ ಹರಿತ ಮಾಡಿ ಇಟ್ಟರೆ ಒಂದು ವಾರದಲ್ಲಿ ತುಕ್ಕು. ಸಮುದ್ರ ಹತ್ರ ಅಂತಲಾ?

ಮಲ್ಪೆ_ಬೋಲ್ಟ್
ಉಪ್ಪು ಗಾಳಿ, ಮೇಲಿಂದ ಮಳೆ. ತೆಂಗಿನೆಣ್ಣೆ ಹಚ್ಚಬಹುದು, ಆದ್ರೆ ಹುಡಿ ಹಿಡಿದು ಅಂಟಂಟು ಆಗ್ತದೆ. ಹೊಲಿಗೆ ಮಿಷನಿನ ಎಣ್ಣೆ ವಾಸಿ. ನಮ್ಮಲ್ಲಿ ಪೆಟ್ಟಿಗೆಯಲ್ಲಿ ಕರ್ಪೂರ ಇಡುವ ಅಭ್ಯಾಸವೂ ಇದೆ. ಕಪಾಟಿನಲ್ಲಿ ಇಡುವುದಾದ್ರೆ ಒಳಗೆ ಒಂದು ಸಣ್ಣ ಫಿಲಮೆಂಟ್ ಬಲ್ಬು ಉರಿಸಿಡಿ, ಬಟ್ಟೆ ರಟ್ಟು ತಾಗದ ಹಾಗೆ. ಎಲ್‌ಇಡಿ ಹಾಕಿ "ಬಿಸಿಯೇ ಬರ್ಲಿಲ್ಲ" ಅಂತ ಫೋನ್ ಮಾಡಿದ ನೆಂಟರಿದ್ದಾರೆ ನನಗೆ. ಸ್ಟೂಲಿಗೆ ಬೋಲ್ಟ್ ಹಾಕುವುದಾದ್ರೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ, 304 ಗ್ರೇಡಿನದ್ದು ಸಾಕು, 316 ಬೋಟಿಗೆ.

ಮಣಿಪಾಲದಕ್ಕ
ಮಳೆಗಾಲ ಮುಗಿದ ಮೇಲೆ ಮರದ ಮೂಲೆಮಟ್ಟಕ್ಕೆ ಮತ್ತೊಮ್ಮೆ ಆ ತಿರುಗಿಸುವ ಪರೀಕ್ಷೆ ಮಾಡಿ. ಆಟಿ ತಿಂಗಳ ಮಳೆಯಲ್ಲಿ ಉಬ್ಬಿದ ಮರ ದೀಪಾವಳಿಗೆ ಕುಗ್ಗಿರ್ತದೆ. ಅಳತೆಯ ಸಲಕರಣೆಗೆ ಪ್ಲೈ ಅಂತ ನಾನು ಹೇಳಿದ್ದು ಇದೇ ಕಾರಣಕ್ಕೆ, ಅದು ಕಮ್ಮಿ ಉಬ್ಬುತ್ತದೆ.

ಬಲ್ಮಠ_ಬಾಲ್ಕನಿ
ಕೊನೇ ಪ್ರಶ್ನೆ. ಊರಲ್ಲಿ ಪಕ್ಕಾಸಿಗೆ ಗೇರೆಣ್ಣೆ ಹಚ್ತಿದ್ರು, ಗೆದ್ದಲು ಬಾರದ ಹಾಗೆ. ಚೆನ್ನೆಮಣೆಗೂ ಅದನ್ನೇ ಹಚ್ಚಲಾ?

ಕಟಪಾಡಿ_ಉಳಿ
ಅಯ್ಯೋ ಬೇಡ ಮಾರಾಯ್ರೆ! ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡ್ತದೆ. ಮಾಡಿಗೆ ಸರಿ, ಮಕ್ಕಳು ಕೈ ಹಾಕುವ ಮಣೆಗೆ ಅಲ್ಲ. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆ ನಿಂತದ್ದನ್ನೆಲ್ಲ ಒರೆಸಿ ತೆಗೀರಿ. ಒಣಗಿದ ಮೇಲೆ ಇನ್ನೊಂದು ಕೈ. ಹಲಸಿನ ಹಳದಿ ಎಣ್ಣೆ ಬಿದ್ದ ಕೂಡಲೇ ಎದ್ದು ಕಾಣ್ತದೆ, ಬೆಳಕು ತಾಗ್ತಾ ತಾಗ್ತಾ ಕಂದು ಬಣ್ಣಕ್ಕೆ ತಿರುಗ್ತದೆ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿ ಬೆಂಕಿ ಹತ್ತುವುದುಂಟು.

ಬಲ್ಮಠ_ಬಾಲ್ಕನಿ
ಬಟ್ಟೆ ಹಾಗಾದ್ರೆ ಎಲ್ಲಿ ಇಡುವುದು? ನೀರಲ್ಲಿ ಮುಳುಗಿಸಿದ್ರೆ ಆಗ್ತದಾ?

ಕಟಪಾಡಿ_ಉಳಿ
ಆಗ್ತದೆ. ಇಲ್ಲದಿದ್ರೆ ಬಾಲ್ಕನಿಯ ಕಂಬಿಗೆ ಒಂದೊಂದನ್ನೇ ಬಿಡಿಸಿ ಹರಡಿ, ಒಂದರ ಮೇಲೊಂದು ಬೀಳದ ಹಾಗೆ. ಗಟ್ಟಿ ಒಣಗಿ ಕಡ್ಡಿಯಾದ ಮೇಲೆ ಕಸಕ್ಕೆ ಹಾಕಿ.